ಸರಳ ಸಾಧನೆಯಿಂದ ಮೂರನೆಯ ಕಣ್ಣು ತೆರೆದೀತೆ? ಪರ–ವಿರೋಧ

ಪರ
ದೀಪದ ಮುಂದೆ ಹತ್ತು ನಿಮಿಷ
(ಲೇಖಕರು ಕಲಬುರಗಿಯ ನಿವೃತ್ತ ಮುನೀಮರು)

ಕಲಬುರಗಿಯ ಗಂಜಿನ, ಅಂದರೆ ಧಾನ್ಯ ಮಾರುಕಟ್ಟೆಯ, ಅಡತ್ (ದಲಾಲಿ) ಅಂಗಡಿಯೊಂದರಲ್ಲಿ ನಾನು 31 ವರ್ಷ ಲೆಕ್ಕ ಬರೆಯುವ ಮುನೀಮನಾಗಿದ್ದೆ. ಚೀಲ, ತೂಕ, ಹಮಾಲಿ, ದಲಾಲಿ, ಬಡ್ಡಿ ಇವುಗಳನ್ನು ಬರೆದು ಬರೆದು ಬೆರಳು ಡೊಂಕಾದ ಮನುಷ್ಯನೊಬ್ಬ ಮೂರನೆಯ ಕಣ್ಣಿನ ಪರವಾಗಿ ವಾದಿಸಲು ಕುಳಿತರೆ ಕೆಲವರಿಗೆ ನಗು ಬರುವುದು ಸಹಜ. ಆದರೂ ಈ ಮಾತನ್ನು ಹೇಳಲು ಕಾವಿ ತೊಟ್ಟವರಿಗಿಂತ ಲೆಕ್ಕ ಬರೆದವನೇ ಹೆಚ್ಚು ಅರ್ಹನೆಂದು ನನ್ನ ಭಾವನೆ, ಏಕೆಂದರೆ ಗಂಜಿನಲ್ಲಿ ಒಳಗಣ್ಣು ತಪ್ಪಿದರೆ ಅದು ಅದೇ ದಿನ ಸಂಜೆ ರೊಕ್ಕದ ರೂಪದಲ್ಲಿ ಗೊತ್ತಾಗುತ್ತದೆ.

ಹಣೆಯನ್ನು ಸೀಳಿಕೊಂಡು ಬರುವ ಮಾಂಸದ ಕಣ್ಣಿನ ವಿಷಯ ನಾನು ಹೇಳುತ್ತಿಲ್ಲ. ಯೋಗಿಗಳು ಮೂಲಾಧಾರದಿಂದ ಎಣಿಸುತ್ತ, ಸ್ವಾಧಿಷ್ಠಾನ, ಮಣಿಪೂರ, ಅನಾಹತ, ವಿಶುದ್ಧಿಗಳನ್ನು ದಾಟಿ, ಆರನೆಯದಾಗಿ ಎರಡು ಹುಬ್ಬುಗಳ ನಡುವೆ ಆಜ್ಞಾಚಕ್ರವನ್ನು ಗುರುತಿಸಿದರು. ಮೊದಲ ಐದಕ್ಕೆ ಕ್ರಮವಾಗಿ 4, 6, 10, 12, 16 ದಳಗಳನ್ನು ಹೇಳಿದವರು ಇದಕ್ಕೆ ಮಾತ್ರ ಎರಡೇ ದಳ ಹೇಳಿದರು. ಏರುತ್ತ ಹೋದ ಎಣಿಕೆ ಇಲ್ಲಿ ಒಮ್ಮೆಲೇ ಎರಡಕ್ಕೆ ಏಕೆ ಇಳಿಯಿತೆಂದು, ಲೆಕ್ಕದವನಾದ್ದರಿಂದಲೋ ಏನೋ, ನಾನು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಚೆದುರಿದ್ದು ಅಲ್ಲಿ ಕೂಡಿಕೊಳ್ಳುತ್ತದೆ ಎಂಬುದೇ ಅದರ ಅರ್ಥವೆಂದು ನನಗೆ ತೋರಿದೆ. ಪಂಡಿತರು ಬೇರೆ ಹೇಳಬಹುದು. ನನ್ನ ಮಟ್ಟಿಗೆ ಮೂರನೆಯ ಕಣ್ಣೆಂದರೆ ಚೆದುರದ ಗಮನ, ಕಾರಣ ಹುಡುಕುವ ಮೊದಲೇ ವಸ್ತುವನ್ನು ಹಿಡಿಯುವ ನೋಟ. ಅದು ಎಲ್ಲರಲ್ಲೂ ಇದೆ, ಬಳಸದೆ ಮಂಕಾಗಿದೆ, ಸಣ್ಣ ಸಾಧನೆಯಿಂದ ಮತ್ತೆ ಹರಿತವಾಗುತ್ತದೆ ಎಂಬುದಷ್ಟೇ ನನ್ನ ವಾದ.

ಸಾಧನೆ ಎಂದರೆ ಹಿಮಾಲಯಕ್ಕೆ ಹೋಗಬೇಕಿಲ್ಲ. ಒಂದು ಹಣತೆ, ಒಂದು ಬತ್ತಿ, ಒಂದು ಚಮಚ ಔಡಲೆಣ್ಣೆ ಸಾಕು. ಔಡಲೆಣ್ಣೆಯ ಜ್ಯೋತಿ ನಿಧಾನವಾಗಿ, ಅಲುಗದೆ ಉರಿಯುತ್ತದೆ. ಮೇಣದ ಬತ್ತಿ ಚಟಪಟ ಎನ್ನುತ್ತದೆ, ನನಗೆ ಸರಿಬರಲಿಲ್ಲ. ಹಣತೆಯನ್ನು ಕಣ್ಣಿನ ಎತ್ತರಕ್ಕೆ ಬರುವಂತೆ ಸ್ಟೂಲಿನ ಮೇಲಿಟ್ಟು, ಚಾಚಿದ ಕೈಗಿಂತ ತುಸು ದೂರದಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತು, ಜ್ಯೋತಿಯ ತುದಿಯನ್ನಲ್ಲ, ಬತ್ತಿಯ ಕರಿ ಮುಗಿದು ಬೆಳಕು ಶುರುವಾಗುವ ಜಾಗವನ್ನು ನೋಡಬೇಕು. ರೆಪ್ಪೆ ಬಡಿಯಬಾರದು. ಕಣ್ಣಲ್ಲಿ ನೀರು ಬಂದಾಗ ಮುಚ್ಚಬೇಕು. ಮುಚ್ಚಿದೊಡನೆ ಹುಬ್ಬುಗಳ ನಡುವೆ ಅದೇ ಜ್ಯೋತಿ ನೀಲಿಯಾಗಿ ನಿಲ್ಲುತ್ತದೆ. ಅದು ಕರಗುವ ತನಕ ಅದನ್ನೇ ನೋಡಬೇಕು. ಇದು ತ್ರಾಟಕ. ಹಠಯೋಗ ಪ್ರದೀಪಿಕೆಯು ಧೌತಿ, ಬಸ್ತಿ, ನೇತಿ, ನೌಲಿ, ಕಪಾಲಭಾತಿಗಳ ಜೊತೆಗೆ ಇದನ್ನೂ ಷಟ್ಕರ್ಮಗಳಲ್ಲಿ, ಅಂದರೆ ಆರು ಶುದ್ಧಿಕ್ರಿಯೆಗಳಲ್ಲಿ, ಒಂದೆಂದು ಎಣಿಸಿದೆ, ಕಣ್ಣೀರು ಬರುವವರೆಗೆ ನೋಡಬೇಕೆಂದು ಅಲ್ಲಿಯೇ ಹೇಳಿದೆ. ಫ್ಯಾನ್ ಹಾಕಿದರೆ ದೀಪ ನಿಲ್ಲುವುದಿಲ್ಲ, ಕಲಬುರಗಿಯ ಬೇಸಿಗೆಯಲ್ಲಿ ಫ್ಯಾನ್ ಆರಿಸಿ ಕೂಡುವುದೇ ಒಂದು ತಪಸ್ಸಾದ್ದರಿಂದ ನಾನು ನಾಲ್ಕೂವರೆಗೆ ಏಳುತ್ತೇನೆ. ತ್ರಾಟಕದ ನಂತರ ಎರಡೂ ಕಿವಿ ಮುಚ್ಚಿಕೊಂಡು ಐದಾರು ಸಲ ಭ್ರಾಮರಿ, ಅಂದರೆ ದುಂಬಿಯಂತೆ ಗುಂಯ್‌ಗುಡುತ್ತ ಉಸಿರು ಬಿಡುವುದು. ಒಟ್ಟು ಹತ್ತು, ಹೆಚ್ಚೆಂದರೆ ಹದಿನೈದು ನಿಮಿಷ.

ಇನ್ನೊಂದು ಸಾಧನೆಯನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಗಂಜಿನಲ್ಲಿ ತಾನಾಗಿ ಬಂದಿತು. ಮಾಲು ಮುಂದೆ ಬಂದಾಗ ಅದನ್ನು ಮುಟ್ಟುವ ಮೊದಲೇ ಮನಸ್ಸಿಗೆ ಏನು ತೋರಿತೋ ಅದನ್ನು ಚೀಟಿಯ ಹಿಂದೆ ಒಂದೇ ಶಬ್ದದಲ್ಲಿ ಬರೆದಿಡುವುದು: ಹಸಿ, ಒಣ, ಹಳೇದು, ಮಿಶ್ರ. ಆಮೇಲೆ ಹಿಡಿಯಷ್ಟು ತೊಗರಿ ತೆಗೆದು, ಅಂಗೈಯಲ್ಲಿ ಉಜ್ಜಿ, ಒಂದು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಡಿಯುವುದು. ಒಣ ಕಾಳು ಟಕ್ಕೆಂದು ಎರಡಾಗುತ್ತದೆ. ಹಸಿ ಕಾಳು ಹಲ್ಲಿಗೆ ಅಂಟಿ ಬಗ್ಗುತ್ತದೆ. ಮೊದಲು ತೋರಿದ್ದು ನಿಜವೋ ಸುಳ್ಳೋ ಎಂಬುದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ದೀಪದ ಮುಂದೆ ಕೂಡಲು ಆರಂಭಿಸುವ ಮೊದಲು ನನಗೆ ಮೊದಲು ತೋರುವುದು ಎಂಬುದೇ ಇರಲಿಲ್ಲ. ಮಾಲು ಕಂಡರೆ ಅದರ ದರ, ಸಾಹುಕಾರರ ಸಿಟ್ಟು, ಮನೆಯ ಬಾಡಿಗೆ ಎಲ್ಲವೂ ಒಟ್ಟಿಗೇ ನೆನಪಾಗುತ್ತಿದ್ದವು. ಕೂಡಲು ಆರಂಭಿಸಿದ ಮೇಲೆ ಆ ಗದ್ದಲ ಹಿಂದೆ ಸರಿದು, ಮಾಲು ಒಂದೇ ಮುಂದೆ ನಿಂತಿತು.

ಈಗ ಗೋದಾಮಿನ ಸಂಗತಿ ಹೇಳುತ್ತೇನೆ. ನನ್ನ ವಾದವನ್ನೆಲ್ಲ ಮರೆತರೂ ಓದುಗರು ಇದೊಂದನ್ನು ಮರೆಯಬಾರದು. ಜನವರಿ ತಿಂಗಳು, ತೊಗರಿಯ ಸುಗ್ಗಿ. ಗೋದಾಮಿನಲ್ಲಿ ಹದಿನಾಲ್ಕು ಚೀಲ ಎತ್ತರದ ಥಪ್ಪಿ ಹಚ್ಚಿತ್ತು. ಲಾರಿ ತುಂಬಿಸುವ ಅವಸರ. ಹಮಾಲನೊಬ್ಬ ಮೇಲೆ ಹತ್ತಿ ಕೊಂಡಿಯಿಂದ ಚೀಲ ಎಳೆದು ಕೆಳಗಿನವರ ಬೆನ್ನಿಗೆ ಕೊಡುತ್ತಿದ್ದ. ನಾನು ಬಾಗಿಲ ಹತ್ತಿರ ಕಟ್ಟೆಯ ಮೇಲೆ ಕುಳಿತು ಗೀಟು ಹಾಕಿ ಎಣಿಸುತ್ತಿದ್ದೆ. ನಲವತ್ತೆರಡನೆಯ ಗೀಟು ಹಾಕುವಾಗ ಕೈ ನಿಂತಿತು. ಹುಬ್ಬುಗಳ ನಡುವೆ ಯಾರೋ ಬೆರಳಿಟ್ಟು ಒತ್ತಿದಂತಾಯಿತು. ಕಾರಣವಿಲ್ಲದೆ ನಾನು ಎದ್ದು, "ಇಳೀ, ಮೊದ್ಲ ಕೆಳಗ ಇಳೀ!" ಎಂದು ಕೂಗಿದೆ. ಅವನು ಬೈದುಕೊಳ್ಳುತ್ತ, "ಯಾಕ್ರೀ ಮುನೀಮ್ರೇ, ಈಗೇನಾತ್ರಿ?" ಎನ್ನುತ್ತ ಹಲಗೆಯ ಮೇಲೆ ಕಾಲಿಟ್ಟು ಇಳಿದ. ಅವನ ಎರಡನೆಯ ಕಾಲು ನೆಲಕ್ಕೆ ತಾಗಿತೋ ಇಲ್ಲವೋ, ಥಪ್ಪಿಯ ಒಂದು ಮೂಲೆ ಮೆಲ್ಲಗೆ, ಎಮ್ಮೆ ಮಗ್ಗುಲಾದಂತೆ ಬಾಗಿ, ಚೀಲಗಳು ಒಂದರ ಮೇಲೊಂದು ಉರುಳಿ ಬಾಗಿಲತನಕ ಬಂದವು. ಒಂದೊಂದು ಚೀಲ ಐವತ್ತು ಕಿಲೋ. ಧೂಳು ಇಳಿಯುವವರೆಗೆ ಯಾರೂ ಮಾತಾಡಲಿಲ್ಲ.

ಆಮೇಲೆ ಕೆಳಗಿನ ಸಾಲು ಬಿಚ್ಚಿ ನೋಡಿದಾಗ ಇಲಿಗಳು ಮೂರು ಚೀಲ ಕಡಿದು, ಕಾಳು ಸೋರಿ, ಅಡಿಪಾಯ ಖಾಲಿಯಾಗಿದ್ದು ಕಂಡಿತು. ಸೋರುವ ಕಾಳಿನ ಸದ್ದು ನಿಮ್ಮ ಕಿವಿಗೆ ಬಿದ್ದಿರಬೇಕು, ಅದರಿಂದ ಹೊಳೆದಿರಬೇಕು ಎಂದು ನನ್ನ ಮಗ ಹೇಳುತ್ತಾನೆ, ಅವನು ಎಂಜಿನಿಯರ್. ಇರಬಹುದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಗೋದಾಮಿನಲ್ಲಿ ನನ್ನನ್ನು ಬಿಟ್ಟು ಆರು ಜನರಿದ್ದರು. ಆರು ಜನರಿಗೂ ಎರಡೆರಡು ಕಿವಿಗಳಿದ್ದವು. ಕಾಳಿನ ಸದ್ದು ಅವರ ಕಿವಿಗೂ ಬಿದ್ದಿರಬೇಕಲ್ಲ? ಕಾರಣ ನನಗೂ ಆಮೇಲೆಯೇ ಸಿಕ್ಕಿತು. ನೋಟ ಮೊದಲು ಬಂದಿತು. ಪಕ್ಕದ ಅಂಗಡಿಯ ಮುನೀಮರೂ ನನ್ನಷ್ಟೇ ವರ್ಷ ಗಂಜಿನಲ್ಲಿದ್ದವರು, ಅದೇ ಧೂಳು ಕುಡಿದವರು, ಅದೇ ತೊಗರಿ ಕಡಿದವರು. ಒಳ್ಳೆಯ ಮನುಷ್ಯರು, ಆದರೆ ಹಸಿ ಮಾಲನ್ನು ಒಣ ಮಾಲೆಂದು ತುಂಬಿಸಿಕೊಂಡು ಅವರು ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಅನುಭವ ಒಂದೇ ಸಾಕಾಗಿದ್ದರೆ ಅವರಿಗೂ ಒಳಗಣ್ಣು ತೆರೆಯಬೇಕಾಗಿತ್ತು. ತೆರೆಯಲಿಲ್ಲ, ಏಕೆಂದರೆ ಅವರು ಬೆಳಿಗ್ಗೆ ಎದ್ದೊಡನೆ ಮೊಬೈಲ್ ನೋಡುತ್ತಿದ್ದರು, ನಾನು ದೀಪ ನೋಡುತ್ತಿದ್ದೆ.

ಇದು ನನ್ನೊಬ್ಬನ ಹುಚ್ಚೂ ಅಲ್ಲ. ಕಲಬುರಗಿಯಿಂದ ಎರಡು ತಾಸಿನ ದಾರಿಯ ಬಸವಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಅದರ ಹೊಳೆಯುವ ಕಪ್ಪು ಮೈಯಲ್ಲಿ ದೃಷ್ಟಿ ನೆಟ್ಟವರು. ಅಲ್ಲಮಪ್ರಭುಗಳಿಗೆ ಲಿಂಗ ದೊರೆತದ್ದು ಅನಿಮಿಷನೆಂಬ ಗುರುವಿನಿಂದ ಎಂದು ನಮ್ಮ ಪರಂಪರೆ ಹೇಳುತ್ತದೆ. ಅನಿಮಿಷನೆಂದರೆ ರೆಪ್ಪೆ ಬಡಿಯದವನು. 1422ರಲ್ಲಿ ನಮ್ಮ ಊರಿನಲ್ಲಿಯೇ ದೇಹ ಬಿಟ್ಟ ಸೂಫಿ ಸಂತ ಖ್ವಾಜಾ ಬಂದೇ ನವಾಜರ ಚಿಸ್ತಿ ಪರಂಪರೆಯಲ್ಲಿ ಮುರಾಖಬಾ ಎಂಬ ಧ್ಯಾನವಿದೆ. ತಲೆ ಬಾಗಿಸಿ, ಕಣ್ಣು ಮುಚ್ಚಿ, ಎದೆಯ ಮೇಲೆ ಗಮನ ನಿಲ್ಲಿಸಿ ಕೂಡುವುದು. ನಮ್ಮ ಊರಿನ ಬುದ್ಧ ವಿಹಾರಕ್ಕೆ ಹೋದರೆ ಅಲ್ಲಿ ಉಸಿರಿನ ಮೇಲೆ ಗಮನವಿಟ್ಟು ಕುಳಿತವರನ್ನು ನೋಡಬಹುದು. ಕಲ್ಲು ಬೇರೆ, ಉಸಿರು ಬೇರೆ, ದೀಪ ಬೇರೆ, ಕೆಲಸ ಒಂದೇ. ಮೂರು ದಾರಿಯವರೂ ಸೇರಿ ಇಷ್ಟು ಶತಮಾನ ಒಂದೇ ತಪ್ಪು ಮಾಡಿದರೆಂದು ನಂಬುವುದು ನನಗೆ ಕಷ್ಟ.

ವಿರೋಧಿಗಳಿಗೆ ಉತ್ತರ ಕೊಡಲೇಬೇಕೆಂದು ಸಂಪಾದಕರು ಹೇಳಿರುವುದರಿಂದ ಒಂದೆರಡು ಮಾತು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದರು. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಗೌರವವಿದೆ. ಆದರೆ ನಾನು ಗಾಳಿಯಿಂದ ವಿಭೂತಿ ತೆಗೆಯುತ್ತಿಲ್ಲ, ಔಡಲೆಣ್ಣೆ ಸುಡುತ್ತಿದ್ದೇನೆ. ಸರಿ ಬಂದ ಊಹೆಗಳು ಮಾತ್ರ ನೆನಪಿರುತ್ತವೆ, ತಪ್ಪಿದವು ಮರೆತುಹೋಗುತ್ತವೆ, ಲೆಕ್ಕ ಇಟ್ಟಿದ್ದೀರಾ ಎಂದು ಕೇಳುವವರೂ ಇದ್ದಾರೆ. ಇಟ್ಟಿದ್ದೆ. ನಾಲ್ಕು ತಿಂಗಳು ಚೀಟಿಗಳನ್ನೆಲ್ಲ ಒಂದು ವಹಿಯಲ್ಲಿ ಬರೆದಿಟ್ಟೆ. ಸರಿ ಬಂದದ್ದೇ ಹೆಚ್ಚೆಂಬುದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಸುಗ್ಗಿ ಬಂದು ಬರೆಯುವುದು ನಿಂತಿತು, ವಹಿಯೂ ಮನೆ ಬದಲಿಸುವಾಗ ಎಲ್ಲಿಯೋ ಹೋಯಿತು. ಅಷ್ಟಕ್ಕೂ ಎಲ್ಲದಕ್ಕೂ ಲೆಕ್ಕ ಕೇಳುವವರ ಸ್ವಭಾವವೇ ಬೇರೆ. ತೊಟ್ಟಿಲಲ್ಲಿ ಕೂಸು ಎಚ್ಚರವಾಗುವ ಮೊದಲೇ ತಾಯಿಗೆ ಎಚ್ಚರವಾಗುತ್ತದೆ ಎಂದರೆ ಇವರು ನೂರು ತಾಯಂದಿರನ್ನೂ ನೂರು ಜನ ತಾಯಿಯಲ್ಲದವರನ್ನೂ ಸಾಲಾಗಿ ಮಲಗಿಸಿ, ಗಡಿಯಾರ ಹಿಡಿದು ನಿಂತು, ವರದಿ ಬರುವ ತನಕ ಕೂಸಿಗೆ ಹಾಲು ಕೊಡಬೇಡಿರೆಂದು ಹೇಳುವ ಜನ.

ನಿವೃತ್ತನಾಗಿ ಐದು ವರ್ಷವಾಯಿತು. ಈಗ ಗಂಜಿನಲ್ಲಿ ತೇವ ಅಳೆಯುವ ಮೀಟರ್ ಬಂದಿದೆ. ಖರೀದಿ ಕೇಂದ್ರದಲ್ಲಿ ಹನ್ನೆರಡು ಪ್ರತಿಶತಕ್ಕಿಂತ ಹೆಚ್ಚು ತೇವವಿದ್ದರೆ ಮಾಲು ಹಿಂದಕ್ಕೆ. ಆದರೂ ಸಂಕ್ರಮಣದ ಆಸುಪಾಸು ದೊಡ್ಡ ಮಾಲು ಬಂದಾಗ ಸಾಹುಕಾರರ ಮಗ ಫೋನ್ ಮಾಡುತ್ತಾನೆ. "ಕಾಕಾ, ಒಂದ್ಸಲ ಬಂದು ನೋಡಿ ಹೋಗ್ರಿ" ಎನ್ನುತ್ತಾನೆ. ನಾನು ಹೋದಾಗ ಮೀಟರ್ ಅವನ ಕೈಯಲ್ಲೇ ಇರುತ್ತದೆ.

ವಿರೋಧ
ಹಣೆಯ ಹಿಂದೆ ಇರುವುದು
(ಲೇಖಕಿ ಬೀದರಿನ ನೇತ್ರವೈದ್ಯರು)

ವಿರೋಧದ ಪಕ್ಷವನ್ನು ನಾನು ಕೇಳಿ ಪಡೆದದ್ದಲ್ಲ. ಕಣ್ಣಿನ ವೈದ್ಯರಾದ್ದರಿಂದ ಮೂರನೆಯ ಕಣ್ಣನ್ನು ನೀವೇ ನಿರಾಕರಿಸಬೇಕೆಂದು ಸಂಪಾದಕರು ಹೇಳಿದರು. ಎರಡು ಕಣ್ಣು ನೋಡುವವರಿಗೆ ಮೂರನೆಯದರ ಮೇಲೆ ಏನು ಅಧಿಕಾರವೆಂದು ಕೇಳಿದೆ. ಅವರು ನಕ್ಕರು, ನಾನು ಒಪ್ಪಿಕೊಂಡೆ. ದಿನವೂ ಬೆಳಿಗ್ಗೆ ರೋಗಿಗಳನ್ನು ನೋಡಲು ಹೋಗುವ ಮೊದಲು ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂಡುವವಳು ನಾನು ಎಂಬುದನ್ನೂ ಮುಚ್ಚಿಡುವುದಿಲ್ಲ. ಅದು ಪೂಜೆ. ಅದರಿಂದ ನನಗೆ ಯಾವ ಕಣ್ಣೂ ತೆರೆದಿಲ್ಲ, ತೆರೆಯಲೆಂದು ಕುಳಿತವಳೂ ಅಲ್ಲ. ಆ ವಿಷಯವನ್ನು ಇಲ್ಲಿಗೇ ಬಿಡುತ್ತೇನೆ.

ಮೂರನೆಯ ಕಣ್ಣೆಂದು ಇಂದು ಹೆಚ್ಚಾಗಿ ತೋರಿಸುವುದು ಪೀನಿಯಲ್ ಗ್ರಂಥಿಯನ್ನು. ಅದು ಹಣೆಯ ಹಿಂದೆ ಇಲ್ಲ. ಮಿದುಳಿನ ನಟ್ಟನಡುವೆ, ಎರಡು ಅರೆಗೋಳಗಳ ಮಧ್ಯೆ ಅಡಗಿದೆ. ಗಾತ್ರದಲ್ಲಿ ಹೆಚ್ಚು ಕಡಿಮೆ ಒಂದು ತೊಗರಿ ಕಾಳು. ಹದಿನೇಳನೆಯ ಶತಮಾನದ ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್ ಅದನ್ನು ಆತ್ಮದ ಪೀಠವೆಂದು ಕರೆದ. ಅದರೊಳಗಿನ ಮೆಲಟೋನಿನ್ ಎಂಬ ಹಾರ್ಮೋನನ್ನು 1958ರಲ್ಲಿ ಬೇರ್ಪಡಿಸಿದವರು ಅಮೆರಿಕದ ಆರನ್ ಲರ್ನರ್. ಅವರು ಚರ್ಮವೈದ್ಯರು, ದನಗಳ ಪೀನಿಯಲ್ ಗ್ರಂಥಿಯಲ್ಲಿ ಹುಡುಕುತ್ತಿದ್ದದ್ದು ಚರ್ಮದ ಬಣ್ಣಕ್ಕೆ ಸಂಬಂಧಿಸಿದ ವಸ್ತುವನ್ನು. ರಾತ್ರಿ ಕತ್ತಲಾದಾಗ ಗ್ರಂಥಿಯು ಈ ಹಾರ್ಮೋನನ್ನು ಸುರಿಸುತ್ತದೆ, ಬೆಳಕಿದ್ದಾಗ ನಿಲ್ಲಿಸುತ್ತದೆ. ಬೆಳಕಿದೆಯೋ ಇಲ್ಲವೋ ಎಂಬ ಸುದ್ದಿ ಅದಕ್ಕೆ ಮುಟ್ಟುವುದು ನಮ್ಮ ಎರಡು ಕಣ್ಣುಗಳ ರೆಟಿನಾ ಎಂಬ ಒಳಪರದೆಯಿಂದಲೇ. ಮೂರನೆಯ ಕಣ್ಣೆಂದು ಹೆಸರಾದದ್ದು ನೋಡುವುದಕ್ಕೆ ಮೊದಲೆರಡನ್ನು ಅವಲಂಬಿಸಿದೆ.

ನಿಜವಾದ ಮೂರನೆಯ ಕಣ್ಣು ಬೇಕಿದ್ದರೆ ಬೇಲಿಯ ಮೇಲೆ ಕೂಡುವ ಓತಿಕ್ಯಾತವನ್ನು ನೋಡಬಹುದು. ಅದರ ನೆತ್ತಿಯ ಮೇಲಿನ ಒಂದು ಹುರುಪೆಯ ಕೆಳಗೆ ಬೆಳಕು ಗುರುತಿಸುವ ಪುಟ್ಟ ಅಂಗವಿದೆ. ಅದರಿಂದ ಓತಿಕ್ಯಾತಕ್ಕೆ ಬಿಸಿಲಿನ ಅಂದಾಜು ಸಿಗುತ್ತದೆ. ತ್ರಿಕಾಲಜ್ಞಾನ ಸಿಕ್ಕ ಲಕ್ಷಣಗಳೇನೂ ಕಂಡುಬಂದಿಲ್ಲ. ವಯಸ್ಸಾದಂತೆ ಪೀನಿಯಲ್ ಗ್ರಂಥಿಯಲ್ಲಿ ಸುಣ್ಣದ ಅಂಶ ಕೂಡಿಕೊಳ್ಳುವುದು ಸಾಮಾನ್ಯ. ಇದಕ್ಕೆ ಟೂತ್‌ಪೇಸ್ಟಿನ ಫ್ಲೋರೈಡ್ ಕಾರಣ, ಅದನ್ನು ಬಿಟ್ಟರೆ ಕಣ್ಣು ತೆರೆಯುತ್ತದೆ ಎನ್ನುವವರೂ ನನ್ನಲ್ಲಿಗೆ ಬರುತ್ತಾರೆ. ಯಾದಗಿರಿ, ಕಲಬುರಗಿ ಕಡೆಯ ಎಷ್ಟೋ ಹಳ್ಳಿಗಳ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ನಿಜಕ್ಕೂ ಹೆಚ್ಚಿದೆ. ಅದು ಕೆಡಿಸುವುದು ಮಕ್ಕಳ ಹಲ್ಲನ್ನು, ದೊಡ್ಡವರ ಎಲುಬನ್ನು. ಆ ನೀರನ್ನು ಬದಲಿಸಿರೆಂದು ಮೂರನೆಯ ಕಣ್ಣಿನವರು ಒಂದು ಅರ್ಜಿ ಬರೆದದ್ದನ್ನು ನಾನು ಕಾಣೆ.

ದೀಪ ನೋಡುವ ಸಾಧನೆಯ ಬಗ್ಗೆ ನನ್ನ ಆಕ್ಷೇಪಣೆ ದೊಡ್ಡದಲ್ಲ. ರೆಪ್ಪೆ ಬಡಿಯದಿದ್ದರೆ ಕಣ್ಣಿನ ಮೇಲಿನ ನೀರಿನ ಪದರ ಒಣಗುತ್ತದೆ, ಉರಿಯಾಗುತ್ತದೆ, ಆಗ ಕಣ್ಣೀರು ಬರುತ್ತದೆ. ಕಣ್ಣು ಮುಚ್ಚಿದಾಗ ಹುಬ್ಬುಗಳ ನಡುವೆ ನಿಲ್ಲುವ ನೀಲಿ ಜ್ಯೋತಿ, ಹಳದಿ ಬೆಳಕನ್ನು ನೋಡಿ ದಣಿದ ರೆಟಿನಾದ ಕೋಶಗಳು ಉಳಿಸಿಕೊಂಡ ಛಾಯೆ. ಬಿಳಿ ಗೋಡೆಯನ್ನು ನೋಡಿದರೆ ಅದು ಗೋಡೆಯ ಮೇಲೂ ಕಾಣುತ್ತದೆ. ಭ್ರಾಮರಿಯಂತೆ ಗುಂಯ್‌ಗುಡುವಾಗ ಮೂಗಿನಿಂದ ಹೊರಬರುವ ನೈಟ್ರಿಕ್ ಆಕ್ಸೈಡ್ ಸುಮಾರು 15 ಪಟ್ಟು ಹೆಚ್ಚುತ್ತದೆಂದು 2002ರಲ್ಲಿ ಸ್ವೀಡನ್ನಿನ ಸಂಶೋಧಕರು ಅಳೆದು ತೋರಿಸಿದರು. ಅದು ಮೂಗಿನ ಸಂಗತಿ. ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ನೋಟದ ನರವನ್ನು ಕೆಡಿಸುವ ಗ್ಲಾಕೋಮಾ ಎಂಬ ರೋಗ ಇದ್ದವರು ಕಣ್ಣಿಗೆ ಹಾಕುವ ಔಷಧದ ಹನಿ ನಿಲ್ಲಿಸಿ ತ್ರಾಟಕ ಮಾಡಿದರೆ, ಹೋದ ದೃಷ್ಟಿಯನ್ನು ಯಾವ ಚಕ್ರವೂ ಮರಳಿ ಕೊಡುವುದಿಲ್ಲ.

ದೀಪದಿಂದ ಸೂರ್ಯನಿಗೆ ಹೋದವರ ಪಾಡು ಬೇರೆ. ಹುಮನಾಬಾದ್ ಕಡೆಯ ಒಬ್ಬ ಪದವಿ ವಿದ್ಯಾರ್ಥಿ ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ, ಮಾಳಿಗೆಯ ಮೇಲೆ ನಿಂತು, ಸೂರ್ಯನನ್ನು ಮೊದಲು ಹತ್ತು ಸೆಕೆಂಡು, ದಿನಕ್ಕೆ ಹತ್ತು ಸೆಕೆಂಡು ಹೆಚ್ಚಿಸುತ್ತ ನೋಡಿದ್ದ. ಅಕ್ಷರಪಟದ ಮುಂದೆ ಕೂರಿಸಿದಾಗ, "ಡಾಕ್ಟ್ರೇ, ನಡುವಿನ ಅಕ್ಷರ ಅಳಿಸ್ಯಾರೇನ್ರಿ?" ಎಂದು ಕೇಳಿದ. ಚೌಕಳಿ ಗೆರೆಗಳ ಹಾಳೆ ಕೊಟ್ಟೆ; ನಡುವಿನ ಚುಕ್ಕೆಯ ಸುತ್ತ ಪೆನ್ಸಿಲಿನಿಂದ ಒಂದು ಹುಣಸೆ ಬೀಜದಷ್ಟು ಜಾಗ ಗುರುತು ಮಾಡಿ, ಇಲ್ಲಿ ಗೆರೆಗಳೇ ಇಲ್ಲ ಎಂದ. ರೆಟಿನಾಕ್ಕೆ ನೋವು ತಿಳಿಸುವ ನರಗಳಿಲ್ಲ, ಆದ್ದರಿಂದ ಸುಡುವಾಗ ಗೊತ್ತಾಗುವುದಿಲ್ಲ. ತಿಂಗಳುಗಳು ಕಳೆದಂತೆ ಅವನಿಗೆ ಬಹುಮಟ್ಟಿಗೆ ಸುಧಾರಿಸಿತು. ಎಲ್ಲರಿಗೂ ಸುಧಾರಿಸುವುದಿಲ್ಲ.

ಅಂತಃಪ್ರೇರಣೆ ಎಂಬುದೇ ಸುಳ್ಳೆಂದು ನಾನು ಹೇಳುವುದಿಲ್ಲ. 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಹರ್ಬರ್ಟ್ ಸೈಮನ್ ಅದನ್ನು ಬರಿಯ ಗುರುತು ಹಿಡಿಯುವಿಕೆ ಎಂದು ವಿವರಿಸಿದರು: ಮೊದಲು ನೂರಾರು ಸಲ ಕಂಡದ್ದನ್ನು ಮನಸ್ಸು ಹೇಳದೆ ಕೇಳದೆ ಗುರುತಿಸುತ್ತದೆ. ನಮ್ಮ ಊರಿನ ಬಿದ್ರಿ ಕಲೆಗಾರರು ಕೋಟೆಯ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿ, ಸತು ಮತ್ತು ತಾಮ್ರದ ಪಾತ್ರೆಯನ್ನು ಇದು ಕಪ್ಪಾಗಿಸುತ್ತದೋ ಇಲ್ಲವೋ ಎಂದು ಹೇಳುತ್ತಾರೆ. ಆ ರುಚಿ ಏನೆಂದು ಕೇಳಿದರೆ ಅವರು ಹೇಳಲಾರರು, ಅಪ್ಪ ತೋರಿಸಿದ್ದ ಎನ್ನುತ್ತಾರೆ. ಅದನ್ನೇ ಮೂರನೆಯ ಕಣ್ಣೆನ್ನುವುದಾದರೆ ಚರ್ಚೆಗೆ ಜಾಗವಿಲ್ಲ, ನಾನೂ ಒಪ್ಪಿ ಸಹಿ ಹಾಕುತ್ತೇನೆ. ಆದರೆ ಇಂದು ಮಾರಾಟವಾಗುತ್ತಿರುವುದು ಅದಲ್ಲ. ಮಾರಾಟವಾಗುತ್ತಿರುವುದು ಕಣ್ಣಿಗೆ ಕಟ್ಟುವ ಕಪ್ಪು ಪಟ್ಟಿ.

ನನ್ನ ತಂಗಿ ಕೆಲವು ವರ್ಷಗಳ ಹಿಂದೆ ತನ್ನ ಮಗಳನ್ನು ಒಂದು ಶಿಬಿರಕ್ಕೆ ಕಳಿಸಿದಳು. ಎರಡು ಭಾನುವಾರಗಳ ತರಬೇತಿಗೆ ಹದಿನೈದು ಸಾವಿರ ರೂಪಾಯಿ. ನನ್ನನ್ನು ಕೇಳಿದರೆ ಬೇಡವೆನ್ನುತ್ತೇನೆಂದು ಕೇಳಲಿಲ್ಲ. ಮಧ್ಯಮಿದುಳನ್ನು ಎಬ್ಬಿಸುತ್ತಾರೆ, ಆಗ ಮೂರನೆಯ ಕಣ್ಣು ತೆರೆದು ಮಕ್ಕಳು ಕಣ್ಣು ಕಟ್ಟಿದರೂ ಓದುತ್ತಾರೆ ಎಂಬುದು ಪ್ರಚಾರ. ಮಧ್ಯಮಿದುಳು ಯಾರಲ್ಲೂ ಮಲಗಿರುವುದಿಲ್ಲ. ಬೆಳಕು ಬಿಟ್ಟಾಗ ಕಣ್ಣುಪಾಪೆ ಕಿರಿದಾಗುವುದೇ ಅದರ ಮೂಲಕ. ಅದು ಕೆಲಸ ನಿಲ್ಲಿಸಿದ ಮನುಷ್ಯ ತೀವ್ರ ನಿಗಾ ಘಟಕದಲ್ಲಿರುತ್ತಾನೆ. ಆದರೆ ಮನೆಯವರೆಲ್ಲ ಕೂಡಿದಾಗ ಹುಡುಗಿ ಪಟ್ಟಿ ಕಟ್ಟಿಕೊಂಡು ದಿನಪತ್ರಿಕೆಯ ತಲೆಬರಹ ಓದಿದಳು, ನೋಟಿನ ಸಂಖ್ಯೆ ಹೇಳಿದಳು, ನನ್ನ ಸೀರೆಯ ಅಂಚಿನ ಬಣ್ಣ ಹೇಳಿದಳು. ಅಳಿಯಂದಿರು ಚಪ್ಪಾಳೆ ತಟ್ಟಿದರು. ನಮ್ಮ ಅವ್ವ ದೃಷ್ಟಿ ತೆಗೆದಳು.

ನಾನು ಅವಳ ಕುತ್ತಿಗೆಯನ್ನು ನೋಡುತ್ತಿದ್ದೆ. ಓದುವಾಗ ಗದ್ದ ತುಸು ಮೇಲೆ ಹೋಗುತ್ತಿತ್ತು, ಹಾಳೆ ಎದೆಯ ಹತ್ತಿರಕ್ಕೆ ಬರುತ್ತಿತ್ತು. ಮೂಗಿನ ದಂಡೆ ಎತ್ತರ, ಅದರ ಎರಡೂ ಬದಿ ತಗ್ಗು. ಯಾವ ಪಟ್ಟಿ ಕಟ್ಟಿದರೂ ಅಲ್ಲೊಂದು ಸಂದು ಉಳಿಯುತ್ತದೆ, ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರ ಪ್ರತಿದಿನ ಪಟ್ಟಿ ಹಾಕುವ ನನಗೆ ಇದು ಗೊತ್ತಿರದ ಸಂಗತಿಯಲ್ಲ. ನನ್ನ ಚೀಲದಿಂದ ಹತ್ತಿಯ ಎರಡು ಪ್ಯಾಡ್ ತೆಗೆದು, ಆಟವೆಂಬಂತೆ, ಅವಳ ಎರಡೂ ಕಣ್ಣಿನ ಮೇಲಿಟ್ಟು ಅಂಚಿಗೆ ಪೂರ್ತಿ ಟೇಪ್ ಹಚ್ಚಿದೆ. ಅವಳು ಹಾಳೆಯನ್ನು ಹಿಡಿದಳು, ತಿರುಗಿಸಿದಳು, ಮೂಸಿದಳು. ಇವತ್ತು ತಲೆ ನೋಯುತ್ತದೆ ಎಂದಳು. ದೊಡ್ಡವರು ಸಂಶಯಪಟ್ಟರೆ ಶಕ್ತಿ ಕೆಲಸ ಮಾಡುವುದಿಲ್ಲವೆಂದು ಶಿಬಿರದವರು ಹೇಳಿದ್ದಾರೆ ಎಂದು ತಂಗಿ ನನ್ನ ಕಡೆ ನೋಡದೆ ಹೇಳಿದಳು. ಯಾರೋ ಚಹಾ ತಂದರು, ಮಾತು ಬೇರೆ ಕಡೆ ಹೋಯಿತು.

ಆ ರಾತ್ರಿ ಹುಡುಗಿ ನನ್ನ ಪಕ್ಕದಲ್ಲಿ ಮಲಗಿದ್ದಳು. ದೀಪ ಆರಿಸಿದ ಎಷ್ಟೋ ಹೊತ್ತಿನ ಮೇಲೆ ನನ್ನ ಸೆರಗು ಎಳೆದು, "ದೊಡ್ಡವ್ವಾ, ಕೆಳಗಿಂದ ಸ್ವಲ್ಪ ಕಾಣ್ತದ" ಎಂದಳು. ಎಲ್ಲ ಮಕ್ಕಳಿಗೂ ಕಾಣುತ್ತದೆಯೇ ಎಂದು ಕೇಳಿದೆ. ಎಲ್ಲರಿಗೂ ಕಾಣುತ್ತದೆ, ಯಾರೂ ಯಾರಿಗೂ ಹೇಳುವುದಿಲ್ಲ, ಮೊದಲ ದಿನ ಕಾಣುವುದಿಲ್ಲ ಎಂದ ಹುಡುಗನೊಬ್ಬನನ್ನು ಮತ್ತೆ ಮತ್ತೆ ಕೂರಿಸಿದರು, ಅವನ ಅಪ್ಪ ಹೊರಗೆ ನಿಂತಿದ್ದ ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ್ವಗ ಹೇಳಬ್ಯಾಡ. ಹದಿನೈದು ಸಾವಿರ ಕೊಟ್ಟಾಳ" ಎಂದಳು. ಅವಳಿಗೆ ಆಗ ಒಂಬತ್ತು ವರ್ಷ.

ಮೂರನೆಯ ಕಣ್ಣಿನ ವಿರುದ್ಧ ಬರೆಯಲು ಒಪ್ಪಿಕೊಂಡ ನಾನು ಇದನ್ನು ಇಂದಿನವರೆಗೂ ತಂಗಿಗೆ ಹೇಳಿಲ್ಲ. ಅವಳ ಮನೆಯ ಜಗಲಿಯ ಪಕ್ಕದ ಗೋಡೆಯ ಮೇಲೆ ಶಿಬಿರದ ಪ್ರಮಾಣಪತ್ರ ಚೌಕಟ್ಟು ಹಾಕಿಸಿಕೊಂಡು ಹಾಗೆಯೇ ತೂಗುತ್ತಿದೆ. ಹುಡುಗಿ ಈಗ ಪಿಯುಸಿ ಓದುತ್ತಿದ್ದಾಳೆ, ಕನ್ನಡಕ ಬಂದಿದೆ. ನಂಬರ್ ನಾನೇ ನೋಡಿ ಬರೆದುಕೊಟ್ಟೆ.